ಗಾಡಿ ಓಡಿಸದವರನ್ನು ಮೊದಲು ಕೇಳಿ

ಪ್ರಶ್ನೆ: ನನಗೆ 44 ವರ್ಷ. ತುಮಕೂರಿನಲ್ಲಿ ಬಾಡಿಗೆ ಮನೆ. ದಿನಾ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಮೆಟ್ರೊ ಹಿಡಿದು ಪೀಣ್ಯದ ಫ್ಯಾಕ್ಟರಿಗೆ ಹೋಗುತ್ತೇನೆ. ಹೆಂಡತಿ ಇಲ್ಲೇ ಖಾಸಗಿ ಶಾಲೆಯಲ್ಲಿ ಟೀಚರ್. ಮಗಳು ಎಂಟನೇ ಕ್ಲಾಸು. ಹೋದ ವರ್ಷ ಅಪ್ಪ ತೀರಿಕೊಂಡರು. 70 ವರ್ಷದ ಅಮ್ಮ ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಿಟ್ಟೂರಿನ ಮೇನ್ ರೋಡಿನಿಂದ ಹಳ್ಳಿ 3 ಕಿ.ಮೀ. ಒಳಗಿದೆ. ಕೈಯಲ್ಲಿ 18 ಲಕ್ಷ ಇದೆ, ಬ್ಯಾಂಕಿನವರು 30 ಲಕ್ಷ ಸಾಲ ಕೊಡುತ್ತೇವೆ ಅಂದಿದ್ದಾರೆ. ಮೂರು ದಾರಿ ಕಾಣುತ್ತಿವೆ. ಎಸ್.ಎಸ್. ಪುರಂನ ಗಲ್ಲಿಯೊಂದರಲ್ಲಿ 20x30 ಸೈಟಿನ ಹಳೇ ಮನೆ, 42 ಲಕ್ಷ. ಕುಣಿಗಲ್ ರಸ್ತೆ ಕಡೆ ಊರಿಂದ 9 ಕಿ.ಮೀ. ಆಚೆ ಹೊಸ ಲೇಔಟಿನಲ್ಲಿ 30x40 ಸೈಟು 18 ಲಕ್ಷ, ಅಲ್ಲಿ ಮನೆ ಕಟ್ಟುವುದು. ಇಲ್ಲವೇ ಹಳ್ಳಿಯ ನಮ್ಮ ತೆಂಗಿನ ತೋಟದಲ್ಲೇ ಒಂದು ಮನೆ. ಹೆಂಡತಿಗೆ ಪೇಟೆ ಇಷ್ಟ, ನನಗೆ ಲೇಔಟು. ಅಮ್ಮ 'ಎಲ್ಲಾದ್ರೂ ಸರಿ' ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಇದಕ್ಕಿಂತ ಉದ್ದ ಇತ್ತು, ಸಾರ ಮಾತ್ರ ಮೇಲೆ ಕೊಟ್ಟಿದ್ದೇನೆ. ಪೂರ್ತಿ ಪತ್ರದಲ್ಲಿ ರೈಲು ಎಷ್ಟೊತ್ತಿಗೆ, ಕಾರು ನಿಲ್ಲಿಸಲು ಜಾಗ ಎಲ್ಲಿ, ಲೇಔಟಿನ ಗಾಳಿ ಹೇಗಿದೆ ಎಲ್ಲಾ ಇದೆ. ಅಮ್ಮನ ಬಗ್ಗೆ ಇರುವುದು ಒಂದೆರಡು ಸಾಲು. ಮಗಳ ಬಗ್ಗೆ ಎಂಟನೇ ಕ್ಲಾಸು ಅನ್ನುವುದು ಬಿಟ್ಟರೆ ಬೇರೇನೂ ಇಲ್ಲ. ತುಮಕೂರಿನಲ್ಲಿ 30 ವರ್ಷಕ್ಕೂ ಮೇಲೆ ಮನೆಯ ಪ್ಲಾನು ಬರೆದುಕೊಂಡು ಬಂದವನು ನಾನು. ಇಂಥ ಪತ್ರ ಬರೆಯುವವರು ಯಾವಾಗಲೂ ಮನೆಯಲ್ಲಿ ಗಾಡಿ ಓಡಿಸುವವರೇ.

ನೋಡಿ, ನೀವು ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಎಂಟು. ವಾರದಲ್ಲಿ ಆರು ದಿನ ಮನೆ ಅಂದರೆ ನಿಮಗೆ ಊಟ, ಹಾಸಿಗೆ, ಒಂದು ಬಕೆಟ್ ಬಿಸಿನೀರು. ಅದು ಎಸ್.ಎಸ್. ಪುರಂನಲ್ಲಿದ್ದರೂ ಒಂದೇ, ಹೊಲದ ನಡುವೆ ಇದ್ದರೂ ಒಂದೇ. ನಿಮ್ಮ ಹೆಂಡತಿಗೆ ಸ್ಕೂಟರ್ ಇದೆ ಅಂತ ಬರೆದಿದ್ದೀರಿ, ಅವರೂ ಎಲ್ಲಿದ್ದರೂ ನಿಭಾಯಿಸುತ್ತಾರೆ. ಹಗಲು ಹೊತ್ತು ಆ ಮನೆಯಲ್ಲಿ, ಆ ಬೀದಿಯಲ್ಲಿ ಇರುವವರು ಅಮ್ಮ ಮತ್ತು ಮಗಳು. ಅವರಿಬ್ಬರಿಗೂ ಗಾಡಿ ಬರುವುದಿಲ್ಲ. ಅಮ್ಮ ಇನ್ನು ಕಲಿಯುವುದಿಲ್ಲ, ಮಗಳಿಗೆ ಲೈಸೆನ್ಸ್ ಸಿಗಲು ಇನ್ನೂ ಐದು ವರ್ಷ ಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಈ ಮನೆಯ ವಿಷಯದಲ್ಲಿ ಮೊದಲ ಮಾತು ಅವರದ್ದು, ಆಮೇಲೆ ಹೆಂಡತಿಯದ್ದು, ಕೊನೆಗೆ ನಿಮ್ಮದು. ಬೇಜಾರು ಮಾಡಿಕೊಳ್ಳಬೇಡಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2004ರಲ್ಲಿ ನಾನೂ ಇದೇ ಆಸೆಗೆ ಬಿದ್ದೆ. ಚಿಕ್ಕಪೇಟೆಯ ಬಾಡಿಗೆ ಮನೆ ಬಿಟ್ಟು ಊರಾಚೆ ಒಂದು ಲೇಔಟಿನಲ್ಲಿ ಸೈಟು ತಗೊಂಡು ಮನೆ ಕಟ್ಟಿದೆ. ನನ್ನದೇ ಪ್ಲಾನು, ನಾನೇ ನಿಂತು ಕಟ್ಟಿಸಿದ್ದು. ಪೂರ್ವಕ್ಕೆ ಬಾಗಿಲು, ಸುತ್ತಾ ಗಾಳಿ, ಮುಂದೆ ಅಮ್ಮನಿಗೆ ಅಂತಲೇ ಒಂದು ಜಗುಲಿ. ಚಿಕ್ಕಪೇಟೆಯಲ್ಲಿದ್ದಾಗ ಅಮ್ಮ ಬೆಳಗ್ಗೆ ಒಂದು ಸಲ ದೇವಸ್ಥಾನಕ್ಕೆ, ಸಂಜೆ ಒಂದು ಸಲ ಸೊಪ್ಪಿಗೆ ಅಂತ ಹೊರಗೆ ಹೋಗಿ ಬರುತ್ತಿದ್ದಳು. ಎರಡು ರೂಪಾಯಿ ಸೊಪ್ಪಿಗೆ ಅರ್ಧ ಗಂಟೆ ಮಾತು. ಹೊಸ ಮನೆಗೆ ಬಂದು ಆರು ತಿಂಗಳಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ, 'ಇವತ್ತು ಗ್ಯಾಸಿನವನು ಬಂದಿದ್ದ ಕಣೋ' ಅಂದಳು. ನಮಗೆ ಗ್ಯಾಸ್ ಬೇಕಾಗಿರಲಿಲ್ಲ. ಅವನು ಬಂದಿದ್ದು ಹಿಂದಿನ ರಸ್ತೆಯ ಮನೆಗೆ. ಅಮ್ಮನಿಗೆ ಅದೇ ಆ ದಿನದ ಸುದ್ದಿ. ಆಮೇಲೆ ಗಮನಿಸಿದೆ, ಯಾವ ಗಾಡಿ ಯಾರದ್ದು ಅಂತ ಸದ್ದಿನಲ್ಲೇ ಹೇಳುತ್ತಿದ್ದಳು. ಹಾಲಿನವನ ಟಿವಿಎಸ್, ಮೇಸ್ತ್ರಿಯ ಲೂನಾ, ನೀರಿನ ಟ್ಯಾಂಕರು. ಆ ಮನೆಯನ್ನು 2010ರಲ್ಲಿ ಮಾರಿ ವಾಪಸ್ ಪೇಟೆಗೆ ಬಂದೆವು. ಲಾಭಕ್ಕೇ ಮಾರಿದೆ, ಅದು ಬೇರೆ ಮಾತು.

ಆದ್ದರಿಂದ ಮೊದಲು ನಿಮಗೆ ಇಷ್ಟವಾದ ಲೇಔಟಿನ ವಿಷಯಕ್ಕೇ ಬರುತ್ತೇನೆ.

ಅಗ್ಗ ಅಂತ ನಿಮಗೆ ಅನಿಸಿದೆ, ಅಲ್ವಾ? ಲೆಕ್ಕ ಹಾಕೋಣ. ಸೈಟು 18 ಲಕ್ಷ. ಮುದ್ರಾಂಕ, ಸೆಸ್ಸು, ನೋಂದಣಿ ಎಲ್ಲಾ ಸೇರಿ ಒಂದೂಕಾಲು ಲಕ್ಷದ ಮೇಲೆ. ಹತ್ತು ಚದರದ ಮನೆ, ಚದರಕ್ಕೆ 2 ಲಕ್ಷ ಅಂದರೂ 20 ಲಕ್ಷ. ಬೋರು, ಸಂಪು, ಪಾಯಿಖಾನೆ ಪಿಟ್ಟು, ಕಾಂಪೌಂಡು, ಗೇಟು, ಬೆಸ್ಕಾಂ ಮೀಟರು ಇವಕ್ಕೆ 5 ಲಕ್ಷ ಇಟ್ಟುಕೊಳ್ಳಿ. ಅಲ್ಲಿಗೆ 44 ದಾಟಿತು. ಮೇಸ್ತ್ರಿ ಹೇಳಿದ ಎಸ್ಟಿಮೇಟಿನಲ್ಲಿ ಮನೆ ಮುಗಿದಿದ್ದನ್ನು ನಾನಂತೂ ನೋಡಿಲ್ಲ. ಎಸ್.ಎಸ್. ಪುರಂನ ಮನೆ 42 ಲಕ್ಷ, ನೋಂದಣಿಗೆ ಮೂರು ಚಿಲ್ಲರೆ, ರಿಪೇರಿಗೆ ಎರಡೂವರೆ. ಅದು 48ಕ್ಕೆ ನಿಲ್ಲುತ್ತದೆ. ಸಾಲವೂ ಸೇರಿ ನಿಮ್ಮ ಹತ್ತಿರ ಆಗುವುದೂ ಅಷ್ಟೇ. ಅಂದರೆ ವ್ಯತ್ಯಾಸ ಮೂರು ನಾಲ್ಕು ಲಕ್ಷದ್ದು. ಎರಡಕ್ಕೂ 30 ಲಕ್ಷ ಸಾಲ ಅಂತಲೇ ಹಿಡಿದರೆ, ಎಂಟೂವರೆ ಪರ್ಸೆಂಟ್ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 26,000. ಲೇಔಟಿನ ಮನೆಗೆ ಇನ್ನೊಂದು ಕಂತೂ ಇದೆ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಿಮ್ಮನ್ನು ಸ್ಟೇಷನ್ನಿಗೆ ಬಿಡಬೇಕು, ಮಗಳ ಶಾಲೆ, ಸಂಜೆ ಟ್ಯೂಷನ್ನು. ದಿನಕ್ಕೆ ಮೂರು ಸಲ ಹೋಗಿ ಬಂದರೆ 54 ಕಿ.ಮೀ. ತಿಂಗಳಿಗೆ ಪೆಟ್ರೋಲಿಗೇ ಮೂರು ಸಾವಿರ ದಾಟುತ್ತದೆ. ಅದು ಹೋಗಲಿ. ದಿನಾ ಎರಡು ಗಂಟೆ ನಿಮ್ಮ ಹೆಂಡತಿ ಸ್ಕೂಟರ್ ಮೇಲೆ ಇರುತ್ತಾರೆ. ಪೇಟೆ ಇಷ್ಟ ಅಂತ ಅವರು ಸುಮ್ನೆ ಹೇಳಿಲ್ಲ.

ಇನ್ನು ನೀರು. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊರೂರಿನಿಂದ ಹೇಮಾವತಿ ನಾಲೆಯಲ್ಲಿ ಬಂದು, ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಶುದ್ಧವಾಗಿ ನಲ್ಲಿಗೆ ಬರುವ ನೀರು ನಮ್ಮದು. ದಿನಾ ಬರುವುದಿಲ್ಲ, ಬಡಾವಣೆಗೊಂದು ಥರ ಬಿಡುತ್ತಾರೆ, ಬೈಯುತ್ತೇವೆ. ಆದರೆ ಬರುತ್ತದೆ. ಪಾಲಿಕೆಯ ಪೈಪು ಮುಟ್ಟದ ಲೇಔಟಿನಲ್ಲಿ ಇರುವುದು ಬೋರು ಮಾತ್ರ. ಮಾರುವವರು ಒಂದು ಬೋರು ಕೊರೆಸಿ, ಓವರ್‌ಹೆಡ್ ಟ್ಯಾಂಕು ಕಟ್ಟಿ, ನಲ್ಲಿ ತಿರುಗಿಸಿ ತೋರಿಸುತ್ತಾರೆ. ಹತ್ತು ಮನೆ ಇದ್ದಾಗ ಆ ಬೋರು ಸಾಕು. ನೂರು ಮನೆ ಆದಾಗ ಕೇಳಬೇಕು. 2023ರಲ್ಲಿ ಮಳೆ ಕೈಕೊಟ್ಟು 2024ರ ಬೇಸಿಗೆ ಹೇಗಿತ್ತು ಅಂತ ಆ ಲೇಔಟಿನಲ್ಲಿ ಆಗಲೇ ಮನೆ ಕಟ್ಟಿರುವವರನ್ನು ಕೇಳಿ. ಮಾರುವವರನ್ನಲ್ಲ, ಮನೆಯಲ್ಲಿ ಪಾತ್ರೆ ತೊಳೆಯುವವರನ್ನು ಕೇಳಿ. ಟ್ಯಾಂಕರಿಗೆ ಫೋನ್ ಮಾಡಿದ ದಿನವೇ ಬರುತ್ತದೋ ಮೂರು ದಿನ ಬಿಟ್ಟೋ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಪಟ್ಟಣದ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ನೀವು ನಾಲ್ಕು ಜನ, ಜೊತೆಗೆ ಬಂದು ಹೋಗುವವರೊಬ್ಬರು ಅಂದರೆ 675 ಲೀಟರ್. 6,000 ಲೀಟರಿನ ಒಂದು ಟ್ಯಾಂಕರ್ ಒಂಬತ್ತು ದಿನಕ್ಕೆ ಮುಗಿಯಿತು. ಎಲ್ಲೇ ಮನೆ ಮಾಡಿದರೂ 10,000 ಲೀಟರಿನ ಸಂಪು ಇರಲಿ, ಎರಡು ವಾರ ನೆಮ್ಮದಿ. ತಾರಸಿಯ ಮಳೆನೀರನ್ನೂ ಬಿಡಬೇಡಿ. 900 ಚದರಡಿ ತಾರಸಿ, ವರ್ಷಕ್ಕೆ 650 ಮಿ.ಮೀ. ಮಳೆ ಅಂತ ಇಟ್ಟುಕೊಂಡರೆ, ಸೋರಿ ಹೋಗುವುದನ್ನು ಕಳೆದೂ 43,000 ಲೀಟರ್ ಆಗುತ್ತದೆ. ಎರಡು ತಿಂಗಳ ನೀರು ಅದು. ಪ್ಲಾನಿನಲ್ಲಿ ಎಲ್ಲರೂ ಬರೆಸುತ್ತಾರೆ. ಕಟ್ಟುವಾಗ ಪೈಪನ್ನು ಚರಂಡಿಗೆ ಬಿಡುತ್ತಾರೆ.

ನೀರಿಗಿಂತ ಹೇಸಿಗೆಯ ವಿಷಯ ಇನ್ನೊಂದಿದೆ. ಹೊಸ ಲೇಔಟುಗಳಲ್ಲಿ ಎಷ್ಟೋ ಕಡೆ ಯುಜಿಡಿ, ಅಂದರೆ ನೆಲದೊಳಗಿನ ಚರಂಡಿ, ಇರುವುದಿಲ್ಲ. ಇದ್ದರೂ ಮ್ಯಾನ್‌ಹೋಲ್ ಮುಚ್ಚಳ ಕಾಣುತ್ತದೆ, ಪೈಪು ಹೋಗಿ ಯಾವುದಕ್ಕೂ ಸೇರಿರುವುದಿಲ್ಲ. ಆಗ ಪ್ರತಿ ಮನೆಗೂ ಪಿಟ್ಟು. ಬೋರಿಗೂ ಪಿಟ್ಟಿಗೂ ಕಡಿಮೆ ಅಂದರೂ 50 ಅಡಿ ದೂರ ಇರಬೇಕು. 30x40 ಸೈಟಿನಲ್ಲಿ 50 ಅಡಿ ಎಲ್ಲಿಂದ ತರುತ್ತೀರಿ? ಮೂಲೆಯಿಂದ ಮೂಲೆಗೆ ಅಳೆದರೆ ಬರೋಬ್ಬರಿ 50 ಬರುತ್ತದೆ, ನಿಜ. ಆದರೆ ನಿಮ್ಮ ಬೋರಿನ ಪಕ್ಕದ ಗೋಡೆಯಾಚೆ ಇರುವುದು ಪಕ್ಕದವರ ಪಿಟ್ಟು. ಇದಕ್ಕೆ ಉಪಾಯ ಇಲ್ಲ. ಕುಡಿಯುವುದಕ್ಕೆ ಆರ್‌ಓ ಹಾಕಿಸಿಕೊಳ್ಳುತ್ತೇವೆ ಅಂತೀರಿ, ಅದು ಕೊಡುವ ನೀರಿಗಿಂತ ಆಚೆ ಬಿಡುವುದೇ ಜಾಸ್ತಿ.

ಲೇಔಟು ಬೆಳೆದಿದೆಯೋ ಇಲ್ಲವೋ ಅಂತ ತಿಳಿಯಲು ನನ್ನದೊಂದು ಅಳತೆ ಇದೆ. ಅಂಗಡಿಗಳು ಒಂದು ಕ್ರಮದಲ್ಲಿ ಬರುತ್ತವೆ. ಮೊದಲು ಸಿಮೆಂಟು ಕಬ್ಬಿಣದ ಅಂಗಡಿ. ಆಮೇಲೆ ಬೀಡಿ, ಬಾಳೆಹಣ್ಣಿನ ಪೆಟ್ಟಿಗೆ ಅಂಗಡಿ, ಅದು ಕೂಲಿಯವರಿಗೆ. ನಂತರ ಹಾಲಿನ ಬೂತು, ಕಿರಾಣಿ, ಬೇಕರಿ. ಮೆಡಿಕಲ್ ಸ್ಟೋರ್ ಬರುವುದು ಬಹಳ ತಡ. ನಾಲ್ಕುನೂರು ಐನೂರು ಮನೆ ಇಲ್ಲದೆ ಯಾರೂ ಮೆಡಿಕಲ್ ತೆರೆಯುವುದಿಲ್ಲ. ಅದಕ್ಕೂ ಆಮೇಲೆ ಡಾಕ್ಟರ ಕ್ಲಿನಿಕ್ಕು. ನೀವು ನೋಡಿದ ಲೇಔಟಿನಲ್ಲಿ ಯಾವುದರವರೆಗೆ ಬಂದಿದೆ? ಕಮಾನಿಗೆ ಚಿನ್ನದ ಬಣ್ಣ ಬಳಿದಿದ್ದಾರೆ, ಅವೆನ್ಯೂ ಗಿಡ ನೆಟ್ಟಿದ್ದಾರೆ ಅಂತ ಬರೆದಿದ್ದೀರಿ. ಬೇಕರಿ ಇದೆ ಅಂತ ಬರೆದಿಲ್ಲ. ಒಂದು ಕೆಲಸ ಮಾಡಿ, ಭಾನುವಾರ ಬೆಳಗ್ಗೆ ಹೋಗಬೇಡಿ. ಬುಧವಾರವೋ ಗುರುವಾರವೋ ಸಂಜೆ ಏಳಕ್ಕೆ ಹೋಗಿ, ಗಾಡಿಯನ್ನು ಕಮಾನಿನ ಹತ್ತಿರ ಬಿಟ್ಟು ನಿಮ್ಮ ಸೈಟಿನವರೆಗೂ ನಡೆಯಿರಿ. ಎಷ್ಟು ಕಂಬದಲ್ಲಿ ಬಲ್ಬು ಉರಿಯುತ್ತಿದೆ, ಎಷ್ಟು ನಾಯಿ ಹಿಂದೆ ಬಂದವು, ದಾರಿಯಲ್ಲಿ ಎಷ್ಟು ಜನ ಸಿಕ್ಕರು ಎಣಿಸಿ. ಟ್ಯೂಷನ್ ಮುಗಿಸಿ ಬರುವ ನಿಮ್ಮ ಮಗಳು ನಡೆಯಬೇಕಾದ ದಾರಿ ಅದು.

ಬಸ್ಸು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಿಮ್ಮ ಅಮ್ಮನಿಗೂ ಮಗಳಿಗೂ ಇದು ದೊಡ್ಡ ಅನುಕೂಲ. ಆದರೆ ಬಸ್ಸು ಬಂದರೆ ತಾನೇ ಫ್ರೀ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಲ್ಲಿ ಅದು ನಡೆಯುವುದಿಲ್ಲ. ಕುಣಿಗಲ್ ರಸ್ತೆಯಲ್ಲಿ ಬಸ್ಸಿಗೇನೂ ಬರವಿಲ್ಲ, ಅವು ನಿಮ್ಮ ಲೇಔಟಿನ ಕಮಾನಿನ ಮುಂದೆ ನಿಲ್ಲುತ್ತವೋ, ಕೈ ತೋರಿಸಿದವರನ್ನು ನೋಡಿಯೂ ನೋಡದಂತೆ ಹೋಗುತ್ತವೋ ಅಂತ ನಿಂತು ನೋಡಬೇಕು. 'ಮುಂದೆ ಮೆಟ್ರೊ ತುಮಕೂರಿಗೇ ಬರುತ್ತೆ ಸಾರ್' ಅಂತ ಬ್ರೋಕರ್ ಹೇಳಿರುತ್ತಾರೆ. ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಅಲ್ಲಿಂದ ನಮ್ಮ ಊರಿಗೆ ಇನ್ನೂ ಸುಮಾರು 50 ಕಿ.ಮೀ. ಬಂದಾಗ ನೋಡೋಣ. ಬಂದರೂ ಬಿ.ಎಚ್. ರಸ್ತೆ ಕಡೆ ಬಂದೀತು, ಕುಣಿಗಲ್ ರಸ್ತೆಗಲ್ಲ.

ಕಾಗದ ಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಬ್ಬ ಒಳ್ಳೆಯ ವಕೀಲರಿಗೆ ದುಡ್ಡು ಕೊಟ್ಟು ತೋರಿಸಿ. ಮಾರುವವರು ಕೊಡಿಸುವ ವಕೀಲರು ಬೇಡ. ಮೂರು ಮಾತು ಮಾತ್ರ ನೆನಪಿರಲಿ. ಜಮೀನು ಕೃಷಿಯಿಂದ ವಾಸಕ್ಕೆ ಭೂಪರಿವರ್ತನೆ ಆಗಿರುವುದು ಬೇರೆ, ಲೇಔಟಿಗೆ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇರುವುದು ಬೇರೆ, ಎರಡೂ ಬೇಕು. ಪಂಚಾಯ್ತಿ ಸೈಟಾದರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. 11ಬಿ ತೋರಿಸಿ 'ಎರಡೂ ಒಂದೇ ಸಾರ್' ಅಂದರೆ ಒಂದೇ ಅಲ್ಲ. ಬಿ ಖಾತೆ ಅಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ ಅಂತ ಅರ್ಥ, ಸಕ್ರಮ ಆಯಿತು ಅಂತಲ್ಲ. ಇನ್ನು ಮೂಲ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿ ಆದ ಮೇಲೆ ಎಷ್ಟು ವರ್ಷ ಬಿಟ್ಟಾದರೂ ಅವರು ಜಮೀನು ವಾಪಸ್ ಕೇಳಬಹುದು. ಅದು ನ್ಯಾಯವೇ. ನೀವು ಗೊತ್ತಿಲ್ಲದೆ ಅದರ ಮೇಲೆ ಮನೆ ಕಟ್ಟಬೇಡಿ.

ಎಲ್ಲಾ ಲೇಔಟೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅರ್ಧಕ್ಕಿಂತ ಜಾಸ್ತಿ ಮನೆ ಎದ್ದಿರುವ, ಬೇಕರಿ ದಾಟಿ ಮೆಡಿಕಲ್‌ವರೆಗೆ ಬಂದಿರುವ ಬಡಾವಣೆ ಆಗಿದ್ದರೆ ಬೇರೆ ಮಾತು ಆಡುತ್ತಿದ್ದೆ. ಅಲ್ಲಿ ಸೈಟಿನ ರೇಟು 18 ಲಕ್ಷ ಇರುವುದಿಲ್ಲ, ಅಷ್ಟೇ.

ಹಳ್ಳಿಯ ವಿಷಯ ಕಷ್ಟದ್ದು. ಯಾಕೆಂದರೆ ಗಾಡಿ ಓಡಿಸದವರನ್ನು ಕೇಳಿ ಅಂದೆನಲ್ಲ, ಇಲ್ಲಿ ಆ ಇಬ್ಬರೂ ಎರಡು ಕಡೆ ಎಳೆಯುತ್ತಾರೆ.

ನಿಮ್ಮ ಅಮ್ಮನಿಗೆ ಆ ಹಳ್ಳಿಯಲ್ಲಿ ಎಲ್ಲವೂ ಕಾಲಳತೆಯಲ್ಲಿದೆ. ಡೈರಿ, ಗುಡಿ, ಅರಳಿಕಟ್ಟೆ, ಓರಗಿತ್ತಿಯ ಮನೆ. ನೀರು ಬಿಡುವ ನೀರುಗಂಟಿಗೆ ಅವರ ಹೆಸರು ಗೊತ್ತು. ಬೆಳಗ್ಗೆ ಬಾಗಿಲು ತೆಗೆಯದಿದ್ದರೆ ಎಂಟು ಗಂಟೆಯೊಳಗೆ ಯಾರಾದರೂ ಬಂದು 'ಏನಕ್ಕಾ, ಹುಷಾರಿಲ್ವಾ' ಅಂತ ಕೇಳುತ್ತಾರೆ. ಈ ಕಾವಲು ಎಸ್.ಎಸ್. ಪುರಂನಲ್ಲಿ ಸಿಗುವುದಿಲ್ಲ, ಆ ಲೇಔಟಿನಲ್ಲಂತೂ ಇಲ್ಲವೇ ಇಲ್ಲ. ಅವರು 'ಎಲ್ಲಾದ್ರೂ ಸರಿ' ಅಂದಿದ್ದು ಒಪ್ಪಿಗೆ ಅಂತ ನೀವು ತಿಳಿದಿದ್ದೀರಿ. ನನಗೆ ಅದು ಹಾಗೆ ಕೇಳಿಸಲಿಲ್ಲ. ಹೋದ ವರ್ಷವಷ್ಟೇ ಗಂಡನನ್ನು ಕಳೆದುಕೊಂಡವರು, ಮಗನಿಗೆ ಭಾರ ಆಗಬಾರದು ಅಂತ ಹಾಗೆ ಹೇಳಿರುತ್ತಾರೆ.

ಮಗಳಿಗೆ ಇದೇ ಹಳ್ಳಿ ಬೇರೆ ಥರ. ನಿಟ್ಟೂರಿನ ಮೇನ್ ರೋಡಿನಲ್ಲಿ ತಿಪಟೂರು, ಗುಬ್ಬಿ, ತುಮಕೂರಿನ ಬಸ್ಸು ಬೇಕಾದಷ್ಟು, ರೈಲೂ ಇದೆ. ತೊಂದರೆ ಇರುವುದು ಆ ಒಳಗಿನ 3 ಕಿ.ಮೀ. ದಾರಿಯಲ್ಲಿ. ಇನ್ನು ಎರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಸಂಜೆ ಆರೂವರೆಗೆ ಮೇನ್ ರೋಡಿನಲ್ಲಿ ಇಳಿದ ಹುಡುಗಿಯನ್ನು ದಿನಾ ಯಾರು ಕರೆದುಕೊಂಡು ಬರುತ್ತಾರೆ? ನೀವು ಆಗ ಇನ್ನೂ ರೈಲಿನಲ್ಲಿ ಇರುತ್ತೀರಿ. 2019-20ರಲ್ಲಿ ಹೆಬ್ಬೂರು, ಗುಬ್ಬಿ ಸೀಮೆಯಲ್ಲಿ ಚಿರತೆಗೆ ಮಕ್ಕಳು ಬಲಿಯಾದದ್ದು ನಿಮಗೆ ನೆನಪಿರಬೇಕು. ಹೆದರಿಸಲು ಹೇಳುತ್ತಿಲ್ಲ. ಆ ಸೀಮೆಯಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ತೋಟದ ದಾರಿಯಲ್ಲಿ ಒಂಟಿಯಾಗಿ ಬಿಡುವುದಿಲ್ಲ, ಅಷ್ಟೇ. ಅಂದರೆ ಓದುವ ಮಗುವಿಗೆ ಸಂಜೆ ಅನ್ನುವುದೇ ಇಲ್ಲ. ಲೈಬ್ರರಿ ಇಲ್ಲ, ಗೆಳತಿಯ ಮನೆ ಇಲ್ಲ.

ತೋಟದಲ್ಲೇ ಮನೆ ಕಟ್ಟುವುದಂತೂ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ, ಹಿಡುವಳಿಯ ಹತ್ತರಲ್ಲೊಂದು ಪಾಲು ಮೀರಬಾರದು ಅಂತ. ಆದರೆ ಪರಿವರ್ತನೆ ಆಗದ ಜಮೀನಿನ ಮೇಲೆ ಬ್ಯಾಂಕಿನವರು ಗೃಹಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆ 30 ಲಕ್ಷ ಅಲ್ಲೇ ನಿಂತಿತು. ಇನ್ನೊಂದು ಕರೆಂಟು. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಮನೆಗಳಿಗೆ ಒಂದು ಫೀಡರು, ಪಂಪ್‌ಸೆಟ್ಟಿಗೆ ಬೇರೆ ಫೀಡರು. ಊರೊಳಗಿನ ಮನೆಗೆ ದಿನವಿಡೀ ಕರೆಂಟು. ತೋಟದ ಮನೆ ಪಂಪ್‌ಸೆಟ್ಟಿನ ಲೈನಿಗೆ ನೇತುಬಿದ್ದಿದ್ದರೆ, ತ್ರೀ ಫೇಸ್ ಕೊಡುವ ಹೊತ್ತು ಮುಗಿದ ಮೇಲೆ ಫ್ಯಾನು ತಿರುಗುವುದೂ ಅನುಮಾನ. ರಾತ್ರಿ ಅಮ್ಮ ಒಬ್ಬರೇ ಇರುವ ಮನೆ ಅದಾಗುತ್ತದೆ. ಊರಿನ ಕಾವಲು ಅಂದೆನಲ್ಲ, ಅದೂ ತೋಟದವರೆಗೆ ಬರುವುದಿಲ್ಲ.

ಹಳ್ಳಿಯಲ್ಲಿ ಏನಾದರೂ ಮಾಡುವುದಿದ್ದರೆ ಗ್ರಾಮಠಾಣದ ಒಳಗೆ, ಅಂದರೆ ಊರ ಮನೆಗಳ ನಡುವೆ, ಅಮ್ಮ ಈಗ ಇರುವ ಹಳೇ ಮನೆಗೆ ಮಾಡಿ. ಮಲಗುವ ಕೋಣೆಗೆ ಹೊಂದಿಕೊಂಡಂತೆ ಕಮೋಡ್ ಇರುವ ಒಂದು ಬಚ್ಚಲುಮನೆ. ಹಿತ್ತಲಿಗೆ ಹೋಗುವಾಗಲೇ ವಯಸ್ಸಾದವರು ಜಾರಿ ಬೀಳುವುದು. ಹಂಚು ಕೈಯಾಡಿಸಿ, ಒಂದು ಸಣ್ಣ ಸಂಪು, ಅಡಿಗೆಮನೆಗೊಂದು ಸಿಂಕು. ಎರಡು, ಹೆಚ್ಚೆಂದರೆ ಎರಡೂವರೆ ಲಕ್ಷದ ಕೆಲಸ. ಕುಡಿಯುವ ನೀರನ್ನು ಒಂದು ಸಲ ಪರೀಕ್ಷೆ ಮಾಡಿಸಿ, ನಮ್ಮ ಜಿಲ್ಲೆಯ ಬೋರುಗಳಲ್ಲಿ ಫ್ಲೋರೈಡ್ ಕಾಟ ಇದೆ, ಪಾವಗಡದ ಕಡೆಯವರನ್ನು ಕೇಳಿದರೆ ಹೇಳುತ್ತಾರೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಸರಿ, ಒಂದೂವರೆ ದಾಟಿದರೆ ಕುಡಿಯಬಾರದು. ಊರಿನಲ್ಲಿ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಇದ್ದರೆ, ಕ್ಯಾನು ಹೊತ್ತು ತಂದುಕೊಡುವ ಹುಡುಗನೊಬ್ಬನನ್ನು ಗೊತ್ತುಮಾಡಿ.

ಅದಕ್ಕಿಂತ ಮೊದಲು ಒಂದು ಕೆಲಸ. ಪಹಣಿ ಇನ್ನೂ ನಿಮ್ಮ ತಾತನ ಹೆಸರಿನಲ್ಲಿದೆ ಅಂತ ಪತ್ರದ ಕೊನೆಯಲ್ಲಿ ಹಾಗೇ ಸುಮ್ನೆ ಬರೆದಿದ್ದೀರಿ. ಅದು ಸುಮ್ನೆ ಬರೆಯುವ ವಿಷಯವಲ್ಲ! ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸಲು, ಈ ತಿಂಗಳೇ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ನಿಮ್ಮ ಅತ್ತೆಯರು, ಅಕ್ಕತಂಗಿಯರ ಹೆಸರು ಬಿಡಬೇಡಿ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ. ಎಲ್ಲರೂ ಚೆನ್ನಾಗಿರುವಾಗಲೇ ಕೂತು ಮಾತಾಡಿ ವಿಭಾಗ ಮಾಡಿಕೊಂಡರೆ ಸಲೀಸು. ಅದು ಮುಗಿಯದೆ ಆ ನೆಲದ ಮೇಲೆ ಒಂದು ಇಟ್ಟಿಗೆಯನ್ನೂ ಇಡಬೇಡಿ.

ತೋಟ ಮಾರುವ ಯೋಚನೆ ಬಂದಿದೆಯೋ ಗೊತ್ತಿಲ್ಲ, ಬಂದಿದ್ದರೆ ಬಿಡಿ. ಗುತ್ತಿಗೆಗೋ, ಬೆಳೆಯಲ್ಲಿ ಪಾಲು ಮಾಡಿಕೊಳ್ಳುವ ಕೋರಿಗೋ ಕೊಡಿ.

ಉಳಿದದ್ದು ಎಸ್.ಎಸ್. ಪುರಂ. 20x30 ಅಂದರೆ ಚಿಕ್ಕದು. ಕಾರು ಬೀದಿಯಲ್ಲೇ ನಿಲ್ಲಬೇಕು, ಸೊಳ್ಳೆ ಇದೆ, ಪಕ್ಕದ ಮನೆಯ ಕುಕ್ಕರ್ ಕೂಗಿದ್ದೂ ಕೇಳುತ್ತದೆ. ಹಬ್ಬದ ದಿನ ಮೈಕು. ನಿಮಗೆ ಕಿರಿಕಿರಿ ಆಗುತ್ತದೆ, ಒಪ್ಪಿದೆ. ಆದರೆ ನಿಮ್ಮ ಮಗಳು ಶಾಲೆಗೆ, ನಾಳೆ ಕಾಲೇಜಿಗೆ, ಯಾರನ್ನೂ ಕಾಯದೆ ತಾನೇ ಹೋಗಿ ಬರುತ್ತಾಳೆ. ಅಮ್ಮ ಬಂದರೆ ದೇವಸ್ಥಾನ, ಮೆಡಿಕಲ್, ಸೊಪ್ಪಿನವಳು ಎಲ್ಲಾ ಐದು ನಿಮಿಷದಲ್ಲಿ. ರಾತ್ರಿ ಎದೆನೋವು ಅಂದರೆ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ನೀವು ರೈಲು ಇಳಿದ ಮೇಲೆ ಯಾರೂ ಸ್ಕೂಟರ್ ತಂದು ಕಾಯಬೇಕಾಗಿಲ್ಲ.

ಆ ಮನೆ ನೋಡಲು ಹೋಗುವಾಗ ಮೊದಲು ರಸ್ತೆ ನೋಡಿ, ಮನೆಯನ್ನಲ್ಲ. ಹಳೇ ಬಡಾವಣೆಗಳಲ್ಲಿ ಪ್ರತಿ ಸಲ ಡಾಂಬರು, ಕಾಂಕ್ರೀಟು ಹಾಕುವಾಗ ಹಳೆಯದನ್ನು ಕೀಳದೆ ಮೇಲೆ ಮೇಲೆ ಹಾಕಿ ರಸ್ತೆ ಏರಿಬಿಟ್ಟಿದೆ. 35 ವರ್ಷದ ಹಿಂದೆ ರಸ್ತೆಗಿಂತ ಎರಡಡಿ ಮೇಲಿದ್ದ ಮನೆ ಇವತ್ತು ರಸ್ತೆಯ ಮಟ್ಟಕ್ಕೆ ಬಂದಿರುತ್ತದೆ. ಜೋರು ಮಳೆ ಬಂದರೆ ಚರಂಡಿ ನೀರು ನಡುಮನೆಯೊಳಗೆ. ಗೋಡೆಯ ಬುಡದಲ್ಲಿ ಹೊಸ ಪೇಂಟು, ಮೇಲೆ ಹಳೇ ಪೇಂಟು ಇದ್ದರೆ ಯಾಕೆ ಅಂತ ಕೇಳಿ. ಆಮೇಲೆ ಬಚ್ಚಲುಮನೆಗೆ ಹೋಗಿ ತಲೆ ಎತ್ತಿ ನೋಡಿ. ಮೋಲ್ಡಿಂಗಿನ ಕಂಬಿ ತುಕ್ಕು ಹಿಡಿಯುವುದು ಅಲ್ಲೇ ಮೊದಲು. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ, ಮಡಕೆ ತಟ್ಟಿದ ಹಾಗೆ ಡಬ್ ಅಂದರೆ ಒಳಗೆ ಬಿಟ್ಟಿದೆ ಅಂತ. ಒಂದು ಬಚ್ಚಲಲ್ಲಿ ಮಾತ್ರ ಹಾಗಿದ್ದರೆ ರಿಪೇರಿ ಆಗುತ್ತದೆ. ನಡುಮನೆಯಲ್ಲೂ ಹಾಗೇ ಇದ್ದರೆ ರೇಟಿನಲ್ಲಿ ನಾಲ್ಕು ಲಕ್ಷ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ಪಕ್ಕದ ಗೋಡೆ ಕಾಮನ್ ಗೋಡೆಯೋ ಅಂತ ಮರೆಯದೆ ಕೇಳಿ. ಅದು ಕಾಮನ್ ಆಗಿದ್ದರೆ ಮುಂದೆ ಮಹಡಿ ಎತ್ತುವಾಗ ಜಗಳ ಗ್ಯಾರಂಟಿ. ಇ-ಖಾತಾ ಮತ್ತು 30 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿ. ನೀರು ಬಿಡುವ ದಿನ ತಿಳಿದುಕೊಂಡು ಆ ಹೊತ್ತಿಗೇ ಹೋಗಿ, ಮೋಟರ್ ಹಾಕದೆ ಸಂಪಿಗೆ ಎಷ್ಟು ದಪ್ಪ ಬೀಳುತ್ತದೆ ನಿಂತು ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಮನೆಯನ್ನೇ ತಗೋತಿದ್ದೆ, ಮೇಲೆ ಹೇಳಿದ್ದೆಲ್ಲಾ ಪಾಸಾದರೆ. ಅಮ್ಮನನ್ನು ಹಳ್ಳಿಯಿಂದ ಕಿತ್ತು ತರುತ್ತಿರಲಿಲ್ಲ. ಹಳ್ಳಿ ಮನೆಯ ರಿಪೇರಿ ದುಡ್ಡು 48ರಲ್ಲಿ ಸಿಗುವುದಿಲ್ಲ, ಅದನ್ನು ಈ ವರ್ಷದ ಕೊಬ್ಬರಿ ದುಡ್ಡಿನಲ್ಲಿ ಮಾಡಿ. ದಸರಾ ಮುಗಿದ ಮೇಲೆ ಅಮ್ಮ ಇಲ್ಲಿಗೆ ಬಂದು ಸಂಕ್ರಾಂತಿವರೆಗೆ ಇರಲಿ, ಈಗಿನ ಬಾಡಿಗೆ ಮನೆಯಲ್ಲೇ. ಬೇಸರವಾದ ದಿನ ಬಸ್ಸು ಹತ್ತಿ ನಿಟ್ಟೂರಿಗೆ ಹೋಗಿಬರಲಿ, ಒಳಗಿನ 3 ಕಿ.ಮೀ.ಗೆ ಊರಿನ ಆಟೋದವನಿಗೆ ತಿಂಗಳ ಲೆಕ್ಕ ಮಾಡಿ. ಎರಡೂ ಕಡೆ ಅವರದೊಂದು ಹಾಸಿಗೆ, ಒಂದು ಬೀರುವಿನ ಕೀಲಿ ಇರಲಿ. ಆಗ 'ಎಲ್ಲಾದ್ರೂ ಸರಿ' ಅನ್ನುವ ಮಾತು ಬೇರೆ ಥರ ಬರಬಹುದು, ಬಾರದೆಯೂ ಇರಬಹುದು. ಎಸ್.ಎಸ್. ಪುರಂ ಮನೆಯ ಮಾಲೀಕರು ಆತುರದಲ್ಲಿಲ್ಲ ಅಂತ ಬರೆದಿದ್ದೀರಿ, ಅಷ್ಟು ಸಮಯ ಕೇಳಿ. ಅಡ್ವಾನ್ಸ್ ಕೊಟ್ಟು ಕರಾರು ಬರೆಸಿಕೊಳ್ಳಿ.

ಮನೆ ನೋಡಲು ಹೋಗುವ ದಿನ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿ. ಮುಂದಿನ ಮೆಟ್ಟಿಲಿನ ಎತ್ತರ ಎಷ್ಟಿದೆ ಅಂತ ನೀವು ಬರೆದಿಲ್ಲ. ಹಳೇ ಮನೆಗಳಲ್ಲಿ ಎಂಟು, ಒಂಬತ್ತು ಇಂಚು ಇರುತ್ತದೆ. ಅಮ್ಮ ಹತ್ತುವಾಗ ಗೋಡೆ ಹಿಡಿದುಕೊಂಡರೆ, ಮೇಸ್ತ್ರಿಗೆ ಹೇಳಿ ಒಡೆಸಿ ಆರು ಇಂಚಿಗೆ ಇಳಿಸಿ, ಬಲಗಡೆ ಒಂದು ಪೈಪಿನ ಹಿಡಿಕೆ ಹಾಕಿಸಿ. ಒಂದು ದಿನದ ಕೆಲಸ.